ಗೂಟ ಕೀಳಲು ಮರೆತ ಊರು

ಒಂದು ಬಂಡೆ. ಬಂಡೆಯ ಮೇಲೊಂದು ಊರು. ಮೂರು ಕಡೆ ಕಮರಿ, ಒಂದು ಕಡೆ ಬಯಲಿಗಿಳಿಯುವ ಇಳಿಜಾರು. ಬಂಡೆ ಬೆಳೆಯುವುದಿಲ್ಲ. ಜನ ಬೆಳೆಯುತ್ತಾರೆ, ಅವರ ಸಾಮಾನು ಬೆಳೆಯುತ್ತದೆ, ಆಸೆಯ ಮಾತಂತೂ ಕೇಳುವುದೇ ಬೇಡ. ಬಂಡೆ ಮಾತ್ರ ಹುಟ್ಟಿದಾಗ ಎಷ್ಟಿತ್ತೋ ಇಂದಿಗೂ ಅಷ್ಟೇ. ಈ ಒಂದು ಮಾತನ್ನು ಆ ಊರಿನವರು ನೆನಪಿಟ್ಟುಕೊಂಡಿದ್ದರೆ ನಾನು ಈ ಕಥೆ ಹೇಳಬೇಕಾಗಿ ಬರುತ್ತಿರಲಿಲ್ಲ.

ಅಲ್ಲಿ ಯಾರಿಗೂ ಸ್ವಂತ ನೆಲವಿರಲಿಲ್ಲ. ಹಿಂದಿನವರು ಬಂಡೆಯ ಮೈಮೇಲೆಲ್ಲ ಉಳಿಯಿಂದ ಕುಳಿಗಳನ್ನು ಕೊರೆದಿಟ್ಟಿದ್ದರು. ಜಾಗ ಬೇಕಾದವರು ಖಾಲಿ ಕುಳಿಯೊಂದಕ್ಕೆ ಗೂಟ ನೆಡಬೇಕು. ನೆಟ್ಟರೆ ಕುಳಿಯ ಸುತ್ತಲಿನ ಜಾಗ, ಅಂದರೆ ಆ ಅಂಕಣ, ಅವರದು. ಮನೆ ಕಟ್ಟಲಿ, ಆಡು ಕಟ್ಟಲಿ, ಮಗಳ ಮದುವೆಗೆ ಚಪ್ಪರ ಹಾಕಲಿ, ಕೇಳುವವರಿಲ್ಲ. ಕೆಲಸ ಮುಗಿದ ದಿನ, ನೆಟ್ಟ ಕೈಯೇ ಗೂಟ ಕೀಳಬೇಕು. ಕಿತ್ತ ಕುಳಿಗೆ ಒಂದು ಹಿಡಿ ಒದ್ದೆ ಮರಳು ತುಂಬಿ, ಅಂಗೈಯಿಂದ ಒತ್ತಿ, ನಾಲ್ಕು ಜನಕ್ಕೆ ಕೇಳುವ ಹಾಗೆ "ನಂದಲ್ಲ" ಎನ್ನಬೇಕು. ಒದ್ದೆ ಮರಳು ಕಂಡ ಕುಳಿ ಮುಂದೆ ಯಾರ ಕುಳಿಯಾದರೂ ಆಗಬಹುದು.

ನೆಟ್ಟ ಕೈಯೇ ಕೀಳಬೇಕು. ಅದೇ ಆ ಊರಿನ ಕಾನೂನು, ಅದೇ ಧರ್ಮ. ಮಕ್ಕಳು ಮೊದಲು "ಅಮ್ಮ" ಅನ್ನುತ್ತಿದ್ದವು, ಆಮೇಲೆ "ನಂದಲ್ಲ" ಅನ್ನುತ್ತಿದ್ದವು. ಸಾಯುವವರೂ ಕೊನೆಗೆ ಅದೇ ಮಾತು ಹೇಳಿ ಕಣ್ಣು ಮುಚ್ಚುತ್ತಿದ್ದರು.

ಊರಿಗಿದ್ದದ್ದು ಒಂದೇ ಬಾವಿ. ಕತ್ತಲು ಕಾಣುವಷ್ಟು ಆಳ. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಬಾವಿಯವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಹೂಳು ಎತ್ತುತ್ತಿದ್ದ. ಮೇಲೆ ರಾಟೆಯ ಬಳಿ ನಿಂತು ಹಗ್ಗ ಹಿಡಿಯುವವಳು ಅವನ ಹೆಂಡತಿ. ಊರು ಅವಳನ್ನು ಹಗ್ಗದವಳು ಎಂದೇ ಕರೆಯುತ್ತಿತ್ತು. ಬಾವಿಯ ತಳದಲ್ಲಿ ಕೆಟ್ಟ ಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೂಳು ಕೆದಕಿದಾಗ ಏಳುತ್ತದೆ. ಅದು ಎದ್ದಾಗ ಕೆಳಗಿನವನು ಹಗ್ಗವನ್ನು ಒಮ್ಮೆ ಜಗ್ಗುತ್ತಾನೆ. ಇನ್ನೊಮ್ಮೆ ಜಗ್ಗಲು ಅವನಿಗೆ ಎಚ್ಚರವಿರುವುದಿಲ್ಲ. ಮೇಲಿನವಳು ಆ ಒಂದು ಜಗ್ಗಿಗೇ ಎಳೆಯಬೇಕು, ಆಗಲೇ ಎಳೆಯಬೇಕು. ಇದನ್ನು ಹಗ್ಗದವಳ ಅಂಗೈ ಬಲ್ಲದು. ಅವಳಿಗೆ ಬೇರೆ ವಿದ್ಯೆ ಇರಲಿಲ್ಲ.

ಹಳೆಯ ಪದ್ಧತಿಯಲ್ಲಿ ತಪ್ಪೇ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಕೈ ಇದ್ದ ಮೇಲೆ ತಪ್ಪೂ ಇರುತ್ತದೆ. ಊರಲ್ಲೊಬ್ಬ ಮರೆಗುಳಿ ಇದ್ದ. ಒಮ್ಮೆ ತನ್ನ ಅಂಕಣ ಬಿಟ್ಟುಕೊಟ್ಟು, ಮರಳು ತುಂಬಿ, "ನಂದಲ್ಲ" ಎಂದು ಬಂದ. ಮಾರನೆಯ ವಾರ ಅಭ್ಯಾಸಬಲದಿಂದ ಅಲ್ಲಿಗೇ ಹೋಗಿ, ಅಷ್ಟರಲ್ಲಿ ಅಲ್ಲಿ ಮನೆ ಹೂಡಿದ್ದ ನೇಕಾರನ ತಟ್ಟೆಗೆ ಕೈ ಹಾಕಿ ಉಣ್ಣತೊಡಗಿದ. ನೇಕಾರ ಬೆರಗಾಗಿ ನೋಡಿದ. "ಸಾರಿಗೆ ಉಪ್ಪು ಕಮ್ಮಿ ಕಣೇ" ಎಂದು ಇವನು ನೇಕಾರನ ಹೆಂಡತಿಯನ್ನೇ ಗದರಿದ. ಊರೆಲ್ಲ ನಕ್ಕಿತು. ಅಲ್ಲಿಗೆ ಮುಗಿದಿದ್ದರೆ ನಗೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಇನ್ನೊಂದು ದಿನ ಆ ಮಹಾಶಯನಿಗೆ ತಾನು ಗೂಟ ಕಿತ್ತೆನೋ ಇಲ್ಲವೋ ಎಂದು ಅನುಮಾನ ಬಂತು. ಹೋಗಿ ಇನ್ನೊಮ್ಮೆ ಕಿತ್ತ. ಕಿತ್ತದ್ದು ನೇಕಾರನ ಗೂಟ. ಮನೆಯ ಸೂರು ಕುಸಿದು ನೇಕಾರನ ಭುಜದ ಮೂಳೆ ಮುರಿಯಿತು.

ಊರು ಸೇರಿತು. ಮರೆಗುಳಿ ತಲೆ ತಗ್ಗಿಸಿ ನಿಲ್ಲುತ್ತಾನೆಂದುಕೊಂಡರೆ ಎದೆ ಸೆಟೆಸಿ ನಿಂತ.

"ನೋಡ್ರಪ್ಪ, ಮರೆಯೋದು ನನ್ನ ತಪ್ಪಾ? ಮನುಷ್ಯ ಅಂದ್ಮೇಲೆ ಮರೀತಾನೆ. ಮರೆತರೆ ಸೂರು ಬೀಳೋ ಹಾಗಿದೆಯಲ್ಲ, ಆ ಪದ್ಧತಿದೇ ತಪ್ಪು."

"ಇವನಿಗೆ ಗೂಟ ಕೀಳೋದು ಕಲಿಸಿ," ಎಂದಳು ಹಗ್ಗದವಳು. "ಕಲೀದಿದ್ರೆ ನೆಡೋಕೆ ಬಿಡಬೇಡಿ. ಇಷ್ಟಕ್ಕೆ ಇಡೀ ಊರು ಯಾಕೆ ಕೂರಬೇಕು?"

ಸರಳವಾದ ಮಾತು. ಸರಳವಾದ ಮಾತಿಗೆ ಯಾವ ಊರಲ್ಲೂ ಬೆಲೆಯಿಲ್ಲ. ಊರ ಯಜಮಾನ ಗಂಟಲು ಸರಿಮಾಡಿಕೊಂಡ. "ಬಯಲಿನ ಊರುಗಳಲ್ಲಿ ಯಾರೂ ಗೂಟ ಕೀಳಲ್ಲವಂತೆ. ಅಲ್ಲೊಬ್ಬ ಗುಡಿಸುವವನಿದ್ದಾನಂತೆ. ಎಲ್ಲ ಅವನೇ ನೋಡ್ಕೋತಾನಂತೆ. ಅವನನ್ನೇ ಕರೆಸೋಣ."

"ಬಯಲಲ್ಲಿ ನೆಲಕ್ಕೆ ಬರ ಇಲ್ಲ ಯಜಮಾನ್ರೇ. ಅಲ್ಲಿ ಬಾವಿಗೆ ಬಗ್ಗಿದರೆ ನೀರು ಕೈಗೆಟಕುತ್ತೆ. ನಾವಿರೋದು ಬಂಡೆ ಮೇಲೆ."

"ನೀನು ಹಗ್ಗ ನೋಡ್ಕೊಳ್ಳಮ್ಮ," ಎಂದ ಯಜಮಾನ. ಜನ ಚಪ್ಪಾಳೆ ತಟ್ಟಿದರು. ಕೈ ತಪ್ಪು ಮಾಡಿದರೆ ಕೈಯನ್ನು ತಿದ್ದಬೇಕು. ಇವರು ಬಾಡಿಗೆಗೆ ಬೇರೆ ಕೈ ತಂದರು.

ಗುಡಿಸುವವನು ಬಂದ. ಉದ್ದನೆಯ ಆಳು. ಹೆಗಲಿಗೆ ಪೊರಕೆ, ಬೆನ್ನಿಗೆ ಬುಟ್ಟಿ, ಸೊಂಟಕ್ಕೊಂದು ಕಹಳೆ. ಮಾತಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ಏನನ್ನೂ ಗುರುತು ಹಿಡಿಯುವ ಕಣ್ಣಲ್ಲ. ಅವನ ಪರವಾಗಿ ಯಜಮಾನನೇ ಸಾರಿದ:

"ಇನ್ನು ಯಾರೂ ಗೂಟ ಕೀಳಬೇಕಾಗಿಲ್ಲ. ಇವನು ಕಹಳೆ ಊದಿದಾಗ ಇದ್ದವರು ಇದ್ದಲ್ಲೇ ನಿಲ್ಲಿ. ನಿಮಗೆ ಬೇಕಾದದ್ದಕ್ಕೆ ಬೆರಳು ತೋರಿಸಿ. ಬೆರಳಿದ್ದದ್ದು ಉಳಿಯುತ್ತೆ. ಬೆರಳಿಲ್ಲದ್ದನ್ನು ಇವನು ಕಿತ್ತು, ಗುಡಿಸಿ, ಗುಂಡಿ ಇದ್ದರೆ ಮುಚ್ಚುತ್ತಾನೆ. ಕಹಳೆ ಇನ್ನೊಮ್ಮೆ ಊದುವ ತನಕ ಅಲುಗಾಡಬೇಡಿ. ಅಲುಗಾಡುವ ಬೆರಳು ಇವನಿಗೆ ಕಾಣಲ್ಲ."

"ಯಾವಾಗ ಊದ್ತಾನೆ?" ಎಂದು ಹಗ್ಗದವಳು ಕೇಳಿದಳು.

"ಊರು ತುಂಬಿತು ಅಂತ ಅವನಿಗೆ ಅನ್ನಿಸಿದಾಗ."

"ಅದು ನಮಗೆ ಮೊದಲೇ ಗೊತ್ತಾಗುತ್ತಾ?"

"ನಿಂಗ್ಯಾಕೆ ಗೊತ್ತಾಗಬೇಕು? ಅದಕ್ಕೇ ಅಲ್ವಾ ಅವನನ್ನ ಇಟ್ಕೊಂಡಿರೋದು."

ಮೊದಲ ಕಹಳೆ ಹಬ್ಬದಂತಿತ್ತು. ಕಹಳೆ ಊದಿತು, ಊರು ನಿಂತಿತು, ಬೆರಳುಗಳು ಎದ್ದವು. ಒಬ್ಬೊಬ್ಬರಿಗೆ ಎರಡು ಕೈ; ಬಲಗೈ ಮನೆಗೆ, ಎಡಗೈ ಕೊಟ್ಟಿಗೆಗೋ ಕಣಜಕ್ಕೋ. ಗುಡಿಸುವವನು ಬೀದಿ ಬೀದಿ ಹಾದುಹೋದ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ ಎಂದಿದ್ದರು, ಹಾಗೆಯೇ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಅವನು ತುಂಬಿದ ಬುಟ್ಟಿ ಹೊತ್ತು ಬಾವಿಯ ಕಟ್ಟೆಗೆ ಬಂದ. ಬಾವಿಗೆ ಯಾರ ಬೆರಳೂ ಇರಲಿಲ್ಲ. ಬೆರಳಿಲ್ಲದ ಬಾವಿ ಅವನಿಗೆ ಬರೀ ಗುಂಡಿ. ಬುಟ್ಟಿ ಬಗ್ಗಿಸಿದ. ಪಕ್ಕದಲ್ಲೇ ನಿಂತಿದ್ದ ಹಗ್ಗದವಳು ಎಡಗೈಯೆತ್ತಿ ಬಾವಿಗೆ ಬೆರಳು ತೋರಿಸಿದಳು. ಅವನು ಬುಟ್ಟಿ ನೆಟ್ಟಗೆ ಮಾಡಿಕೊಂಡು ಕಮರಿಯ ಕಡೆ ತಿರುಗಿದ.

ಆಮೇಲೆ ಅವಳು ಮನೆಮನೆಗೂ ಹೋಗಿ ಹೇಳಿದಳು. "ಬಾವಿಗೆ ಯಾರೂ ತೋರಿಸ್ತಿಲ್ಲ. ಮುಚ್ಚಿಬಿಡ್ತಾನೆ."

"ನೀನು ತೋರಿಸ್ತೀಯಲ್ಲ."

"ನಾನೊಬ್ಬಳೇನಾ ನೀರು ಕುಡಿಯೋದು?"

"ನಮಗಿರೋದು ಎರಡೇ ಕೈ ತಾಯಿ," ಎಂದರು ಜನ. ಅವಳಿಗೇನು ನಾಲ್ಕಿದ್ದವೇ?

ಅಂದಿನಿಂದ ಕಹಳೆ ಊದಿದಾಗಲೆಲ್ಲ ಅವಳ ಬಲಗೈ ಮನೆಗೆ, ಎಡಗೈ ಬಾವಿಗೆ. ಬಾವಿಯೆದುರು ಮನೆಯ ಮರೆಗುಳಿ ನಿಂತಲ್ಲಿಂದಲೇ ತುಟಿಯಂಚಿನಲ್ಲಿ ಚುಡಾಯಿಸುತ್ತಿದ್ದ: "ಏನಕ್ಕಾ, ಬಾವಿ ನಿಮ್ಮಪ್ಪನ ಆಸ್ತಿನಾ?"

ಊರು ಸುಖವಾಗಿ ಕೊಳೆಯತೊಡಗಿತು. ಗೂಟ ಕೀಳುವ ಕೈಗಳು ನೆಡುವುದನ್ನು ಮಾತ್ರ ಉಳಿಸಿಕೊಂಡವು. ಬೆಳಿಗ್ಗೆ ಮಡಕೆ ಒಣಗಿಸಲು ಒಂದು ಅಂಕಣ, ಮಧ್ಯಾಹ್ನ ಮಲಗಲು ಇನ್ನೊಂದು, ಮುನಿಸಿಕೊಂಡರೆ ಮತ್ತೊಂದು. ಬಿಟ್ಟು ಬಂದರಾಯಿತು, ಗುಡಿಸುವವನಿದ್ದಾನೆ. "ನಂದಲ್ಲ" ಎಂಬ ಮಾತು ಮಕ್ಕಳ ಬಾಯಿಂದ ಹೋಯಿತು, ದೊಡ್ಡವರ ಬಾಯಿಂದ ಹೋಯಿತು. ಸಾಯುವವರು ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಸತ್ತರು.

ಆಮೇಲೆ ಇನ್ನೊಂದು ವಿಷಯ ಬೆಳಕಿಗೆ ಬಂತು. ಗಾಣದವನು ತೀರಿಹೋದ. ಹಿಂದೆ ಮುಂದೆ ಯಾರೂ ಇಲ್ಲದವನು. ಮುಂದಿನ ಕಹಳೆಗೆ ಅವನ ಗಾಣದಮನೆ ಹೋಗಬೇಕಿತ್ತು, ಹೋಗಲಿಲ್ಲ. ಅದರ ಮುಂದಿನ ಕಹಳೆಗೂ ಹೋಗಲಿಲ್ಲ. ನೋಡಿದರೆ, ಬೀದಿಯಾಚೆಯ ಒಣ ಬೇವಿನ ಮರದ ಕಡ್ಡಿಯೊಂದು ಆ ಮನೆಯ ಕಡೆಗೆ ಚಾಚಿಕೊಂಡಿತ್ತು. ಗುಡಿಸುವವನಿಗೆ ಬೆರಳೂ ಒಂದೇ, ಕಡ್ಡಿಯೂ ಒಂದೇ. ಉದ್ದಕ್ಕಿರಬೇಕು, ಅಲುಗಾಡದೆ ಏನನ್ನಾದರೂ ತೋರಿಸುತ್ತಿರಬೇಕು, ಅಷ್ಟು ಸಾಕು. ಬೇಕೋ ಬೇಡವೋ ಎಂದು ತಿಳಿಯದಿದ್ದರೆ ಬೇಕು ಎಂದೇ ಅವನ ಲೆಕ್ಕ. ಮುರಿದ ನೇಗಿಲಿನ ಮೇಳಿ ತೋರಿಸಿದ ಹಳಸಲು ಹುಲ್ಲಿನ ಬಣವೆ ಉಳಿಯಿತು. ಬಿದ್ದ ಒನಕೆ ತೋರಿಸಿದ ಹಾಳು ಗೋಡೆ ಉಳಿಯಿತು. ಗೋಡೆಯ ಮೇಲಿನ ಮೊಳೆ ತೋರಿಸಿದ ಇನ್ನೊಂದು ಹಾಳು ಗೋಡೆಯೂ ಉಳಿಯಿತು. ಒಂದು ಕಸ ಇನ್ನೊಂದು ಕಸಕ್ಕೆ ಸಾಕ್ಷಿ.

"ಆ ಕಡ್ಡಿ ಮುರಿದುಹಾಕಿದ್ರೆ ಆಯ್ತಲ್ಲ," ಎಂದಳು ಹಗ್ಗದವಳು.

"ಅಯ್ಯೋ, ಅದು ಯಾರ ಕಡ್ಡಿಯೋ ಏನೋ," ಎಂದರು.

ಹೀಗೆ ಉಳಿದದ್ದು ಬೆಳೆದಂತೆ ಗುಡಿಸುವವನು ನೋಡಬೇಕಾದ್ದೂ ಬೆಳೆಯಿತು. ಊರು ಬೇಗ ತುಂಬಿದಂತೆ ಕಹಳೆಯೂ ಬೇಗಬೇಗ ಕೇಳಿಸತೊಡಗಿತು. ರೆಪ್ಪೆ ಬಡಿಯುವಷ್ಟು ಹೊತ್ತಿನ ನಿಲುಗಡೆ ಒಲೆಯ ಮೇಲಿನ ಹಾಲು ಉಕ್ಕಿಹೋಗುವಷ್ಟಾಯಿತು, ಆಮೇಲೆ ಅನ್ನ ಸೀದುಹೋಗುವಷ್ಟಾಯಿತು. ಒಂದು ದಿನ ಕ್ಷೌರದವನು ಅರ್ಧ ಗಡ್ಡ ಬೋಳಿಸಿದ್ದ. ಕಹಳೆ ಊದಿದೊಡನೆ ಕತ್ತಿ ಹಿಡಿದ ಕೈಯನ್ನೇ ಚಾಚಿ ನಿಂತ. ಕೆಳಗೆ ಕೂತವನು ಉಸಿರು ಬಿಗಿಹಿಡಿದು, "ಅಣ್ಣಾ, ನಿನ್ನ ಮನೆ ನನ್ನ ಕುತ್ತಿಗೆ ದಾಟಿ ಆ ಕಡೆ ಇದೆ ಅಂತ ಮೊದಲೇ ಹೇಳಬಾರದಿತ್ತಾ?" ಎಂದ. ಜನ ಇದನ್ನೂ ಹೇಳಿಕೊಂಡು ನಕ್ಕರು. ತಮ್ಮ ಕುತ್ತಿಗೆಯಲ್ಲವಲ್ಲ.

ಬೇಸಿಗೆ ಬಂತು. ಕೊಡ ಎಳೆದರೆ ಕೆಸರು ಬಂತು. ಹಗ್ಗದವಳು ಯಜಮಾನನ ಜಗಲಿಗೆ ಹೋದಳು.

"ಯಜಮಾನ್ರೇ, ಹೂಳು ಎತ್ತಬೇಕು. ನನ್ನ ಗಂಡ ಕೆಳಗಿರುವಾಗ ಕಹಳೆ ಊದಿದ್ರೆ ನಾನೇನು ಮಾಡ್ಲಿ?"

"ನಿಲ್ಲು. ಎಲ್ಲರ ಹಾಗೆ."

"ಆಗಲೇ ಅವನು ಹಗ್ಗ ಜಗ್ಗಿದ್ರೆ?"

"ಒಂದು ಗಳಿಗೆ ತಡಿ ಅನ್ನು."

"ಕೆಟ್ಟ ಗಾಳಿ ತಡಿಯಲ್ಲ ಯಜಮಾನ್ರೇ."

ಯಜಮಾನ ನಕ್ಕ. "ಊರಲ್ಲಿ ಇಷ್ಟು ಜನ ಇದ್ದಾರೆ. ಯಾರಿಗೂ ಇಲ್ಲದ ತೊಂದರೆ ನಿನಗೊಬ್ಬಳಿಗೇ ಯಾಕಮ್ಮ? ಯಾವಾಗಲೋ ಒಮ್ಮೆ ಆಗೋದಕ್ಕೆ ಪದ್ಧತಿ ಬದಲಾಯಿಸೋಕಾಗುತ್ತಾ?"

"ಸರಿ, ನನ್ನ ಮನೆ ಹೋದ್ರೆ ಹೋಗ್ಲಿ. ನನ್ನ ಎರಡೂ ಕೈ ಹಗ್ಗದಲ್ಲಿರುತ್ತೆ. ಬಾವಿಗೆ ಬೆರಳು ತೋರಿಸೋರು ಯಾರು? ಅದನ್ನ ಹೇಳಿ."

"ಯಾರಾದ್ರೂ ತೋರಿಸ್ತಾರೆ ಬಿಡು."

ಯಾರಾದರೂ. ಈ ಯಾರಾದರೂ ಎಂಬುವನು ಎಲ್ಲ ಊರಲ್ಲೂ ಇರುತ್ತಾನೆ. ಕೆಲಸದ ಹೊತ್ತಿಗೆ ಅವನನ್ನು ಕಂಡವರಿಲ್ಲ.

ಅವಳು ಗಂಡನಿಗೆ ಇಳಿಯಬೇಡ ಎಂದಳು. ಅವನು ಹಗ್ಗದ ಗಂಟು ಬಿಗಿಯುತ್ತಾ, "ನಿನ್ನೆ ತಾನೇ ಊದಿದ್ದಾನೆ, ಇವತ್ತೇ ಮತ್ತೆ ಊದ್ತಾನಾ?" ಎಂದ. "ಮಕ್ಕಳು ಕೆಸರು ಕುಡೀತಿದಾವೆ. ಜನರ ಮೇಲಿನ ಸಿಟ್ಟನ್ನ ನೀರಿನ ಮೇಲೆ ತೀರಿಸಬಾರದು ಕಣೇ." ಕಟ್ಟೆ ಹತ್ತಿ, ಕಾಲು ಒಳಗಿಳಿಬಿಟ್ಟು, ಅವಳ ಮುಖ ನೋಡಿ ನಕ್ಕ. "ನೀನು ಹಗ್ಗ ಬಿಡಲ್ಲ ಅಂತ ನನಗೆ ಗೊತ್ತು."

ಅವನು ಇಳಿದ. ಹಗ್ಗ ಇಳಿಯಿತು. ಬುಟ್ಟಿ ಬುಟ್ಟಿ ಹೂಳು ಮೇಲೆ ಬಂತು. ಬಿಸಿಲು ನೆತ್ತಿಗೆ ಬಂತು.

ಕಹಳೆ ಊದಿತು.

ಊರು ನಿಂತಿತು. ಬೀಸುತ್ತಿದ್ದವಳು ನಿಂತಳು, ಬಡಿಯುತ್ತಿದ್ದವನು ನಿಂತ, ಅಳುತ್ತಿದ್ದ ಕೂಸಿನ ಬಾಯಿಯನ್ನು ತಾಯಿ ಎದೆಗೊತ್ತಿ ನಿಂತಳು. ಬೆರಳುಗಳು ಎದ್ದವು. ಹಗ್ಗದವಳು ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಳು. ಇನ್ನೂ ಜಗ್ಗಿರಲಿಲ್ಲ. ಅವಳು ಉಸಿರು ಹಿಡಿದು ಅಂಗೈಯನ್ನೇ ಆಲಿಸಿದಳು.

ಅಂಗೈಯಲ್ಲಿ ಹಗ್ಗ ಒಮ್ಮೆ ಜಗ್ಗಿತು.

ಅವಳು ಕಟ್ಟೆಗೆ ಕಾಲು ಕೊಟ್ಟು ಎಳೆಯತೊಡಗಿದಳು. ನಿಂತ ಊರಿನಲ್ಲಿ ರಾಟೆಯ ಕಿರುಗುಟ್ಟುವಿಕೆ ಒಂದೇ ಸದ್ದು. ಬೀದಿಯ ತುದಿಯಲ್ಲಿ ಅವಳ ಮನೆ ಬೆರಳಿಲ್ಲದೆ ನಿಂತಿತ್ತು. ಗುಡಿಸುವವನು ಅದರ ಗೂಟ ಕಿತ್ತ, ಸೂರು ಮಡಚಿದ, ಚಾಪೆ, ಒಲೆ, ಬಾಣಲೆ ಎಲ್ಲ ಬುಟ್ಟಿಗೆ ಹಾಕಿದ. ಅವಳು ನೋಡಿದಳು. ಎಳೆದಳು. ತನ್ನ ಮನೆಯನ್ನೇ ಹೊತ್ತು ಅವನು ಬಾವಿಯತ್ತ ಬರುವುದನ್ನು ನೋಡಿದಳು.

"ಯಾರಾದ್ರೂ ಬಾವಿಗೆ ಒಂದು ಬೆರಳು ತೋರಿಸ್ರಪ್ಪ," ಎಂದಳು. "ಒಂದೇ ಬೆರಳು. ಕೆಳಗೆ ಆಳಿದ್ದಾನೆ."

ಕಣ್ಣುಗಳು ಅವಳ ಕಡೆ ಹೊರಳಿದವು. ಬೆರಳುಗಳು ಹೊರಳಲಿಲ್ಲ.

ಅವಳಿಗೆ ಹತ್ತಿರ ನಿಂತಿದ್ದವನು ಮರೆಗುಳಿ. ಬಲಗೈ ಮನೆಗೆ, ಎಡಗೈ ಪಕ್ಕದ ಹಳೇ ಕೊಟ್ಟಿಗೆಗೆ.

"ನಿನ್ನ ಎಡಗೈ ಇತ್ತ ತಿರುಗಿಸೋ ಅಣ್ಣಾ."

"ಎರಡೂ ಕೈ ತುಂಬಿದೆ ಅಕ್ಕಾ."

"ಏನಿದೆ ಆ ಕೊಟ್ಟಿಗೇಲಿ?"

ಅವನು ಸ್ವಲ್ಪ ಯೋಚಿಸಿದ. "ಏನಿದೆಯೋ, ಮರೆತಿದೆ. ಆದ್ರೂ ನಂದಲ್ವಾ?"

"ಶಿಸ್ತು," ಎಂದ ಯಜಮಾನ, ಜಗಲಿಯ ಮೇಲಿಂದ, ತನ್ನ ಮನೆಗೂ ಖಾಲಿ ಕಣಜಕ್ಕೂ ಬೆರಳು ತೋರಿಸುತ್ತ. "ಶಿಸ್ತು ಇರಲಿ ಕಣಮ್ಮ. ಅಲುಗಾಡಬೇಡ."

ಗುಡಿಸುವವನು ಬುಟ್ಟಿ ಬಗ್ಗಿಸಿದ. ಅವಳ ಒಲೆಯ ಕಲ್ಲು ಅವಳ ಗಂಡನ ಮೇಲೆ ಬಿತ್ತು. ಹೋಗಿ ಇನ್ನೊಂದು ಬುಟ್ಟಿ ತಂದ, ಒಡೆದ ಮಡಕೆ, ಮೂಳೆ, ಹರಕು ಚಾಪೆ. ಅವಳು ಎಳೆದಳು. ಅವನು ಸುರಿದ. ಅವಳು ಎಳೆದಳು. ಹಗ್ಗ ಅಂಗೈಯ ಚರ್ಮ ಕಿತ್ತು, ಮಾಂಸ ಕಿತ್ತು, ರಾಟೆಯ ಮೇಲೆ ಕೆಂಪಗೆ ಸರಿಯಿತು. ಕೊನೆಗೆ ಕೆಸರು ಮೆತ್ತಿದ ತಲೆಯೊಂದು ಕಸದ ನಡುವೆ ಮೇಲೆ ಬಂತು. ಅವಳು ಮೊಣಕೈಗಳನ್ನು ಅವನ ಕಂಕುಳಿಗೆ ಸಿಕ್ಕಿಸಿ ಕಟ್ಟೆಯೀಚೆಗೆ ಎಳೆದು ಹಾಕಿದಳು. ಅವನು ಕೆಮ್ಮಿದ. ಉಸಿರು ಎಳೆದುಕೊಂಡ.

ಬಾವಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಅವಳು ಎಡಗೈಯನ್ನು ಬಾವಿಯ ಕಡೆಗೆ ಎತ್ತಿದಳು. ಬೆರಳುಗಳು ಬಿಚ್ಚಲಿಲ್ಲ. ಹಗ್ಗ ಹಿಡಿದ ಹಾಗೆಯೇ ಮಡಚಿ, ರಕ್ತದಲ್ಲಿ ಅಂಟಿ, ಕಲ್ಲಾಗಿದ್ದವು. ಅವಳು ಹಲ್ಲಿನಿಂದ ಬಿಡಿಸಲು ನೋಡಿದಳು. ಬಿಚ್ಚಲಿಲ್ಲ. ಮುಷ್ಟಿಯನ್ನೇ ಚಾಚಿ ನಿಂತಳು. ಗುಡಿಸುವವನು ಬುಟ್ಟಿ ಎತ್ತಿ ಹಿಡಿದು ಆ ಮುಷ್ಟಿಯನ್ನು ನೋಡಿದ. ಒಣ ಕಡ್ಡಿ ಅವನ ಲೆಕ್ಕಕ್ಕಿತ್ತು. ಮುರಿದ ಮೇಳಿ ಇತ್ತು, ಮೊಳೆ ಇತ್ತು. ರಕ್ತ ಸುರಿಯುವ ಮುಷ್ಟಿ ಅವನ ಲೆಕ್ಕಕ್ಕಿರಲಿಲ್ಲ.

ಅವನು ಸುರಿದ. ಬಾವಿ ತುಂಬಿತು. ಪೊರಕೆಯಿಂದ ಮೇಲೆ ಎರಡು ಸಲ ಸವರಿ ಮಟ್ಟ ಮಾಡಿದ. ಕಹಳೆ ಊದಿದ.

ಕೈಗಳು ಇಳಿದವು. ಜನ ಬಂದು ಸುತ್ತ ನಿಂತರು. ಬಾವಿಯಿದ್ದ ಜಾಗ ನೋಡಿದರು, ಆಮೇಲೆ ಅವಳನ್ನು ನೋಡಿದರು.

"ನೀನ್ಯಾಕೆ ತೋರಿಸಲಿಲ್ಲ?" ಎಂದು ಕೇಳಿದರು.

ಯಜಮಾನ ಕಟ್ಟೆಯೇರಿ ಕೈಯೆತ್ತಿದ. "ಗಾಬರಿಯಾಗಬೇಡಿ. ಗುಡಿಸುವವನದು ತಪ್ಪಿಲ್ಲ, ನಿಧಾನ ಅಷ್ಟೇ. ಇನ್ನೂ ಬೇಗ ಗುಡಿಸೋನು ಬಯಲಲ್ಲಿ ಇದ್ದಾನಂತೆ, ಹೇಳಿ ಕಳಿಸ್ತೀನಿ. ಅಲ್ಲಿಯವರೆಗೆ ಎಲ್ಲರೂ ತಮ್ಮ ತಮ್ಮದಕ್ಕೆ ಭದ್ರವಾಗಿ ಬೆರಳು ತೋರಿಸಿಕೊಂಡಿರಿ." ಜನ ತಲೆದೂಗಿದರು. ಮರೆಗುಳಿ ಎಲ್ಲರಿಗಿಂತ ಜೋರಾಗಿ ತಲೆದೂಗಿದ.

ಹಗ್ಗದವಳು ರಾಟೆಯ ಬಳಿ ಮಂಡಿಯೂರಿದಳು. ತಾನೇ ನೆಟ್ಟಿದ್ದ ರಾಟೆಯ ಗೂಟವನ್ನು ಎರಡು ಮುಷ್ಟಿಗಳ ನಡುವೆ ಸಿಕ್ಕಿಸಿ, ಅಲ್ಲಾಡಿಸಿ, ಕಿತ್ತಳು. ಕುಳಿಗೆ ತುಂಬಲು ಒದ್ದೆ ಮರಳು ಊರಲ್ಲಿ ಎಲ್ಲೂ ಉಳಿದಿರಲಿಲ್ಲ. ಗಂಡನ ಮೈಗೆ ಮೆತ್ತಿದ್ದ ಕೆಸರು ಒಂದೇ ಒದ್ದೆಯಾಗಿದ್ದದ್ದು. ಅದನ್ನು ಮುಂಗೈಯಿಂದ ಕೆರೆದು ಕುಳಿಗೆ ತುಂಬಿ, ಮುಷ್ಟಿಯಿಂದ ಒತ್ತಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಂದಲ್ಲ."

ಆ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ಕಿರಿಯರಿಗೆ ಅರ್ಥವಾಗಲಿಲ್ಲ. ಭುಜ ಮುರಿದ ನೇಕಾರನಿಗೆ ಅರ್ಥವಾಯಿತು. ಅವನು ಹೋಗಿ ತನ್ನ ಗೂಟ ಕಿತ್ತು, ಹೆಂಡತಿಯೊಡನೆ ಬಂದ. ಇನ್ನು ಕೆಲವರು ಬಂದರು, ತುಂಬ ಜನವೇನಲ್ಲ. ಗಂಡನನ್ನು ಬೆನ್ನಿಗೆ ಹಾಕಿಕೊಂಡು, ಹಗ್ಗವನ್ನು ಹೆಗಲಿಗೆ ಸುತ್ತಿ ಅವಳು ಇಳಿಜಾರು ಇಳಿದಳು. ಬಂದವರು ಹಿಂದೆ ಇಳಿದರು. ಬಾವಿ ಇನ್ನೊಂದು ಕಡೆ ತೋಡಬಹುದು, ಹಗ್ಗವಿದ್ದರೆ, ಬಿಡದ ಕೈಯಿದ್ದರೆ.

ಉಳಿದವರು ಉಳಿದರು. ನೀರು ತರಲು ಬಯಲಿಗೆ ಇಳಿಯಬಹುದಿತ್ತು. ಆದರೆ ಹೋದಾಗ ಕಹಳೆ ಊದಿಬಿಟ್ಟರೆ? ಮನೆಗೆ ಬೆರಳು ಯಾರು ತೋರಿಸಬೇಕು? ಒಬ್ಬರು ಇನ್ನೊಬ್ಬರನ್ನು ಕಳಿಸಲು ನೋಡಿದರು, ಯಾರೂ ಹೋಗಲಿಲ್ಲ. ಕಹಳೆ ಊದಿತು. ನಿಂತರು. ನಿಲುಗಡೆ ಮುಗಿಯಿತು, ಕೈ ಇಳಿಸಿದರು. ನಾಲಿಗೆ ಒಣಗಿತು. ಕಹಳೆ ಮತ್ತೆ ಊದಿತು. ಈ ಸಲ ಕೈ ಇಳಿಸಲು ಯಾರಲ್ಲೂ ತ್ರಾಣ ಉಳಿದಿರಲಿಲ್ಲ.

ಇಂದಿಗೂ ಅವರು ಅಲ್ಲಿ ನಿಂತಿದ್ದಾರೆ. ಬಿಸಿಲಿಗೆ ಒಣಗಿ, ಗಾಳಿಗೆ ಸವೆದು, ಬೇವಿನ ಕಡ್ಡಿಯಂತೆ ಸೆಟೆದುಕೊಂಡು. ಪ್ರತಿ ಮನೆಗೂ ಒಂದು ಬೆರಳಿದೆ, ಪ್ರತಿ ಕೊಟ್ಟಿಗೆಗೂ ಇದೆ, ಖಾಲಿ ಕಣಜಕ್ಕೂ ಇದೆ. ಗುಡಿಸುವವನು ದಿನವೂ ಬೀದಿ ಬೀದಿ ಹಾದು ಎಲ್ಲವನ್ನೂ ನೋಡುತ್ತಾನೆ. ಅವನ ಕಣ್ಣಿಗೆ ಆ ಊರಲ್ಲಿ ಗುಡಿಸುವಂಥದ್ದು ಒಂದೂ ಇಲ್ಲ, ಎಲ್ಲವೂ ಯಾರಿಗೋ ಬೇಕಾದದ್ದೇ. ಅವನು ಕಹಳೆ ಊದುತ್ತಾನೆ. ಯಾರೂ ಅಲುಗಾಡುವುದಿಲ್ಲ. ಶಿಸ್ತು ಅಂದರೆ ಅದು.